ಜಪಾನಿನ 100 ವೋಲ್ಟ್ ಆಂಪನ್ನು ನಮ್ಮ 230ರಲ್ಲಿ ನಡೆಸುವುದು ಹೇಗೆ

ನನ್ನ ದೊಡ್ಡಮ್ಮನ ಮಗ ಒಸಾಕಾದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಮೈಸೂರಿಗೆ ವಾಪಸ್ ಬಂದ. ಬರುವಾಗ ನಾಲ್ಕು ಪೆಟ್ಟಿಗೆ ತಂದಿದ್ದ. ಒಂದರಲ್ಲಿ ಸಾನ್‌ಸುಯಿ ಆಂಪ್ (ಆಂಪ್ಲಿಫೈಯರ್), ಒಂದರಲ್ಲಿ ಕ್ಯಾಸೆಟ್ ಡೆಕ್, ಇನ್ನೊಂದರಲ್ಲಿ ರೇಡಿಯೊ ಟ್ಯೂನರ್, ಕೊನೆಯದರಲ್ಲಿ ರೆಕಾರ್ಡ್ ಹಾಕುವ ಬೆಲ್ಟ್ ಟರ್ನ್‌ಟೇಬಲ್. ಎಲ್ಲವೂ ನಿಪ್ಪೊಂಬಾಶಿಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಂದೊಂದಾಗಿ ಹುಡುಕಿ ತೆಗೆದುಕೊಂಡಿದ್ದು. ನಮಗೆ ಬೆಂಗಳೂರಿನ ಎಸ್.ಪಿ. ರೋಡ್ ಹೇಗೋ, ಒಸಾಕಾದವರಿಗೆ ನಿಪ್ಪೊಂಬಾಶಿ ಹಾಗೆ.

ಬಂದ ರಾತ್ರಿಯೇ ಡೆಕ್ ಸುಟ್ಟುಹೋಯಿತು.

ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಅವನ ಮಗ ಡೆಕ್ಕಿನ ಪ್ಲಗ್ಗನ್ನು ಟಿವಿ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ. ಜಪಾನಿನ ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್. ಈಗಿನ ಬೋರ್ಡುಗಳಲ್ಲಿ ಯಾವ ದೇಶದ ಪಿನ್ ಆದರೂ ಹಿಡಿಯುವಂಥ ಸಾಕೆಟ್ ಇರುತ್ತದಲ್ಲ, ಅದರಲ್ಲಿ ಸಲೀಸಾಗಿ ಕೂತಿತು. ಹತ್ತು ಸೆಕೆಂಡ್ ದೀಪ ಜೋರಾಗಿ ಉರಿಯಿತಂತೆ. ಆಮೇಲೆ ‘ಗುಂಯ್’ ಎಂದು ಸದ್ದು, ಹಿಂದೆಯೇ ಸುಟ್ಟ ವಾರ್ನಿಷ್ ವಾಸನೆ. ನನಗೆ ಫೋನ್ ಬಂದಾಗ ಹುಡುಗ ಅಳುತ್ತಿದ್ದ. "ಪಿನ್ ಹಿಡೀತು ಚಿಕ್ಕಪ್ಪ, ಅದಕ್ಕೇ ಹಾಕಿದೆ" ಅಂದ. ಅವನದೇನೂ ತಪ್ಪಿಲ್ಲ. ಪಿನ್ ಹಿಡಿದರೆ ಸರಿ ಅಂತಲೇ ನಾವೆಲ್ಲ ಅಂದುಕೊಳ್ಳುವುದು.

ನಾನು ಇಪ್ಪತ್ತೆರಡು ವರ್ಷದಿಂದ ಮೈಸೂರಿನಲ್ಲಿ ಆಂಪ್, ರೇಡಿಯೊ ರಿಪೇರಿ ಮಾಡುತ್ತಿದ್ದೇನೆ. ಹೀಗೆ ಸುಟ್ಟು ಬಂದ ಸೆಟ್‌ಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಮೂವತ್ತು ನಲವತ್ತು ವರ್ಷ ಯಾರದೋ ಮನೆಯಲ್ಲಿ ಜೋಪಾನವಾಗಿದ್ದ ಯಂತ್ರ ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ. ಅದಕ್ಕೇ ಅಣ್ಣನ ಮನೆಯಲ್ಲಿ ಉಳಿದ ಮೂರು ಪೆಟ್ಟಿಗೆಯನ್ನು ಹೇಗೆ ಉಳಿಸಿಕೊಂಡೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ಹಿಂದೆ ತಿರುಗಿಸಿ ನೋಡಿ

ಸೆಟ್ಟಿನ ಬೆನ್ನಿಗೆ, ವೈರ್ ಒಳಗೆ ಹೋಗುವ ಕಡೆ, ಒಂದು ಸಣ್ಣ ಪ್ಲೇಟ್ ಇರುತ್ತದೆ. ಟಾರ್ಚ್ ಹಿಡಿದು ಓದಿ. ಅಲ್ಲಿ ಮೂರು ಸಂಖ್ಯೆ ಬೇಕು: ವೋಲ್ಟ್, ಹರ್ಟ್ಜ್ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಅನ್ನುವ ಲೆಕ್ಕ), ವ್ಯಾಟ್. ಅಣ್ಣನ ಆಂಪಿನ ಮೇಲೆ 100 ವೋಲ್ಟ್, 50/60 ಹರ್ಟ್ಜ್, 180 ವ್ಯಾಟ್ ಎಂದಿತ್ತು. ಅಕ್ಷರ ಜಪಾನಿಯಲ್ಲಿದ್ದರೂ ಅಂಕಿ ನಮಗೆ ಓದಲು ಬರುವಂಥದ್ದೇ.

ಪ್ಲೇಟಿನ ಮೇಲೆ 100–240 ವೋಲ್ಟ್ ಎಂದು ಇದ್ದರೆ ನೀವು ಪುಣ್ಯವಂತರು. ಲ್ಯಾಪ್‌ಟಾಪ್ ಚಾರ್ಜರ್, ಬ್ಲೂಟೂತ್ ಸ್ಪೀಕರ್, ಈಗಿನ ಸಣ್ಣ ಡ್ಯಾಕ್‌ಗಳ (ಡಿಜಿಟಲ್ ಹಾಡನ್ನು ಆಂಪಿಗೆ ಕೊಡುವ ಡಬ್ಬಗಳ) ಅಡಾಪ್ಟರ್ ಬಹುತೇಕ ಹೀಗೇ ಇರುತ್ತವೆ. ಬರೀ ಪಿನ್ ಬದಲಿಸಿದರೆ ಸಾಕು. ಇಂಗ್ಲೆಂಡ್, ಜರ್ಮನಿ, ದುಬೈನಿಂದ ತಂದದ್ದಾದರೆ ಅಲ್ಲೂ ಕರೆಂಟ್ ಹೆಚ್ಚುಕಮ್ಮಿ ನಮ್ಮಂಥದ್ದೇ, 220ರಿಂದ 240 ವೋಲ್ಟ್, 50 ಹರ್ಟ್ಜ್. ಅಲ್ಲೂ ಪಿನ್ನಿನದೊಂದೇ ವಿಷಯ.

ಕೆಲವು ಹಳೆಯ ಆಂಪ್‌ಗಳ ಬೆನ್ನಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ಚೋ ತಿರುಗಿಸುವ ಗುಂಡಿಯೋ ಇರುತ್ತದೆ. 110, 120, 220, 240 ಎಂದು ಬರೆದಿರುತ್ತದೆ. ಇದ್ದರೆ ಪ್ಲಗ್ ಹಾಕುವ ಮೊದಲೇ 240ಕ್ಕೆ ತಿರುಗಿಸಿ. ಜೊತೆಗೆ ಫ್ಯೂಸ್ ನೋಡಿ. 120ರಲ್ಲಿ 4 ಆಂಪಿಯರ್ ಎಳೆಯುವ ಸೆಟ್ 240ರಲ್ಲಿ ಎರಡೇ ಎಳೆಯುತ್ತದೆ. ಹಳೆಯ 4 ಆಂಪಿಯರ್ ಫ್ಯೂಸನ್ನೇ ಬಿಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಬೆನ್ನ ಮೇಲೆ ಎರಡೂ ವೋಲ್ಟೇಜಿಗೆ ಫ್ಯೂಸ್ ಎಷ್ಟು ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಅಷ್ಟರದ್ದೇ ಹಾಕಿ. ಫ್ಯೂಸ್ ಬದಲು ತಂತಿ ಸುತ್ತುವುದು ಮಾತ್ರ ಬೇಡವೇ ಬೇಡ.

ಜಪಾನಿನ ಒಳಗೆ ಮಾರಲೆಂದೇ ಮಾಡಿದ ಸೆಟ್‌ಗಳಿಗೆ ಸಾಮಾನ್ಯವಾಗಿ ಈ ಸ್ವಿಚ್ ಇರುವುದಿಲ್ಲ. ಅಣ್ಣನ ಯಾವುದಕ್ಕೂ ಇರಲಿಲ್ಲ. ಹಾಗಾಗಿ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕಾಯಿತು.

ಪ್ರವಾಸಕ್ಕೆ ಹೋಗುವವರು ಕೊಳ್ಳುವ ಅಂಗೈಯಗಲದ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ, ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ. ಇನ್ನೊಂದು ಬಗೆ ಇದೆ. ಸಣ್ಣ ಡಬ್ಬ, ಹಗುರ, ಮೇಲೆ ಸಾವಿರಾರು ವ್ಯಾಟ್ ಎಂದು ಬರೆದಿರುತ್ತದೆ. ಅದು ಕೂದಲು ಒಣಗಿಸುವ ಡ್ರೈಯರ್‌ನಂಥ ಬರೀ ಕಾಯುವ ವಸ್ತುಗಳಿಗೆ. ಒಳಗೆ ಕರೆಂಟಿನ ಅಲೆಯನ್ನೇ ಕತ್ತರಿಸಿ ಕಡಿಮೆ ಮಾಡುತ್ತದೆ. ಆಂಪಿಗೆ ಅದನ್ನು ಹಾಕಿದರೆ ಕೆಡುತ್ತದೆ.

100 ಬೇರೆ, 110 ಬೇರೆ

ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಅಂಗಡಿಗಳಲ್ಲಿ ರೆಡಿ ಸಿಗುವುದು ಸಾಮಾನ್ಯವಾಗಿ 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. ಅಮೆರಿಕದ ಸಾಮಾನಿಗೆ ಅದು ಸರಿ, ಅಲ್ಲಿ 120 ವೋಲ್ಟ್. ಜಪಾನಿನದಕ್ಕೆ ಕೇಳಿದರೂ "ಎರಡೂ ಒಂದೇ ಸಾರ್, ಹತ್ತು ವೋಲ್ಟಲ್ಲಿ ಏನಾಗುತ್ತೆ" ಅನ್ನುತ್ತಾರೆ.

ಏನಾಗುತ್ತದೆ ಅಂತ ನಾನು ಅಳೆದು ತೋರಿಸಿದೆ. ಅಣ್ಣನ ಮನೆ ಇರುವುದು ಸರಸ್ವತೀಪುರಂನಲ್ಲಿ. ಮೂರು ದಿನ ಅವನ ಹಾಲ್‌ನ ಸಾಕೆಟ್‌ನಲ್ಲಿ ಮೀಟರ್ ಹಿಡಿದು ಬರೆದುಕೊಂಡೆವು. ಬೆಳಗ್ಗೆ ಏಳಕ್ಕೆ 228. ಮಧ್ಯಾಹ್ನ 236. ರಾತ್ರಿ ಹನ್ನೊಂದಕ್ಕೆ, ಸುತ್ತಮುತ್ತಲಿನ ಮನೆಗಳಲ್ಲಿ ಎಲ್ಲ ಆರಿಸಿ ಮಲಗಿದ ಮೇಲೆ, 248. ಟ್ರಾನ್ಸ್‌ಫಾರ್ಮರ್ ಬುದ್ಧಿ ಇರುವ ವಸ್ತುವಲ್ಲ. ಒಳಗೆ ಎಷ್ಟು ಏರಿತೋ ಹೊರಗೂ ಅದೇ ಲೆಕ್ಕದಲ್ಲಿ ಏರಿಸುತ್ತದೆ. 110ರ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ರಾತ್ರಿ ಹನ್ನೊಂದಕ್ಕೆ ಅದು ಕೊಡುವುದು ಸುಮಾರು 119. ಜಪಾನಿನಲ್ಲಿ ಮನೆಗೆ ಬರುವ ವೋಲ್ಟೇಜ್ 95ರಿಂದ 107ರ ಒಳಗೆ ಇರಬೇಕು ಎಂದು ಕಾನೂನೇ ಇದೆ. ಆ ಆಂಪ್ ಹುಟ್ಟಿ ಬೆಳೆದದ್ದು ಅಷ್ಟರೊಳಗೆ. ಅದಕ್ಕೆ ದಿನಾ ರಾತ್ರಿ 119 ಕೊಟ್ಟರೆ ಒಂದೇ ದಿನಕ್ಕೆ ಸುಡುವುದಿಲ್ಲ. ಜಾಸ್ತಿ ಬಿಸಿಯಾಗುತ್ತದೆ, ಕೆಪಾಸಿಟರ್ ಒಣಗುತ್ತವೆ, ಎರಡು ವರ್ಷಕ್ಕೆ ನನ್ನ ಅಂಗಡಿಗೆ ಬರುತ್ತದೆ. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಆದರೆ ಇನ್ನೂ ಬೇಗ. ವಾಲ್ವಿನ ಹೀಟರಿಗೆ 6.3 ವೋಲ್ಟ್ ಬೇಕಾದ ಕಡೆ 7ರ ಮೇಲೆ ಹೋದರೆ ಅದರ ಆಯಸ್ಸು ಕರಗುತ್ತದೆ.

ಹಾಗಾಗಿ ವೈಂಡಿಂಗ್ ಮಾಡುವವರ, ಅಂದರೆ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವವರ ಹತ್ತಿರ ಆರ್ಡರ್ ಕೊಟ್ಟು ಮಾಡಿಸಿದೆವು. ಎಸ್.ಪಿ. ರೋಡ್ ಸುತ್ತಮುತ್ತ ಇಂಥವರು ಸಿಗುತ್ತಾರೆ. ಬೇರೆ ಊರುಗಳಲ್ಲೂ ಸ್ಟೆಬಿಲೈಜರ್ ಮಾಡುವವರನ್ನು ಕೇಳಿದರೆ ದಾರಿ ಸಿಗುತ್ತದೆ. ಅಲ್ಲಿ ನಾನು ಹೇಳಿದ್ದು ಇಷ್ಟು: ಒಳಬರುವ ಕಡೆ 220, 230, 240 ಹೀಗೆ ಮೂರು ಟ್ಯಾಪ್ (ವೈರ್ ಜೋಡಿಸುವ ಜಾಗ) ಕೊಡಿ. ಹೊರಹೋಗುವ ಕಡೆ 100. ತಾಮ್ರದ ತಂತಿ, ಅಲ್ಯೂಮಿನಿಯಂ ಬೇಡ. ಎರಡು ವೈಂಡಿಂಗ್ ಪೂರ್ತಿ ಬೇರೆ ಬೇರೆ ಇರಲಿ, ನಡುವೆ ಶೀಲ್ಡ್ ಹಾಕಿ ಅದನ್ನು ಅರ್ಥಿಗೆ ಕೊಡಿ. ಮುಂದೆ ಫ್ಯೂಸ್, ಒಳಗೆ ಬಿಸಿಯಾದರೆ ಕಟ್ ಆಗುವ ಥರ್ಮಲ್ ಕಟೌಟ್. ಅಣ್ಣನ ಮನೆಗೆ 240ರ ಟ್ಯಾಪ್ ಹಾಕಿದೆ. ಈಗ ರಾತ್ರಿ 248 ಬಂದರೂ ಹೊರಗೆ 103, ಬೆಳಗ್ಗೆ 228 ಇದ್ದಾಗ 95. ಎರಡೂ ಅದರ ಅಳತೆಯೊಳಗೇ ಬಂತು.

ಹಳ್ಳಿ ಕಡೆ, ತೋಟದ ಮನೆಗಳಲ್ಲಿ, ಪಂಪ್‌ಸೆಟ್ ಓಡುವಾಗ 190, ನಿಂತ ತಕ್ಷಣ 250 ಆಗುವುದು ನನ್ನ ಕಣ್ಣಾರೆ ಕಂಡ ವಿಷಯ. ಅಂಥ ಕಡೆ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಮೊದಲು ಒಳ್ಳೆಯ ಸ್ಟೆಬಿಲೈಜರ್, ಆಮೇಲೆ ಸ್ಟೆಪ್ ಡೌನ್, ಆಮೇಲೆ ಆಂಪ್.

ಎಷ್ಟು ದೊಡ್ಡದು ಬೇಕು

ಟ್ರಾನ್ಸ್‌ಫಾರ್ಮರ್ ಅಳತೆ ವಿಎ ಲೆಕ್ಕದಲ್ಲಿ, ಅಂದರೆ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದ್ದು. ಪ್ಲೇಟಿನ ಮೇಲಿನ ವ್ಯಾಟನ್ನು ಎರಡರಿಂದ ಗುಣಿಸಿ, ಅದೇ ಸುಲಭ. ಆಂಪ್ 180, ಟ್ಯೂನರ್ 12, ಟರ್ನ್‌ಟೇಬಲ್ 8, ಒಟ್ಟು 200. ನಾವು ಮಾಡಿಸಿದ್ದು 500 ವಿಎ. ಸಂಗೀತದಲ್ಲಿ ಮೃದಂಗದ ಒಂದು ಹೊಡೆತಕ್ಕೆ ಆಂಪ್ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಸಣ್ಣದಾದರೆ ಅಲ್ಲಿ ದಮ್ಮು ಕಟ್ಟುತ್ತದೆ. ಅಮೆರಿಕದ ಸೆಟ್‌ಗಳಲ್ಲಿ ಕೆಲವೊಮ್ಮೆ ವ್ಯಾಟ್ ಬದಲು ಆಂಪಿಯರ್ ಕೊಟ್ಟಿರುತ್ತಾರೆ. 120 ವೋಲ್ಟ್ 4 ಆಂಪಿಯರ್ ಎಂದರೆ 480 ವಿಎ. ಅದಕ್ಕೆ 750ಕ್ಕೆ ಕಡಿಮೆ ಇಡಬೇಡಿ.

ಕೊಳ್ಳುವಾಗ ಸ್ಟಿಕರ್ ನಂಬಬೇಡಿ, ಎತ್ತಿ ನೋಡಿ. ಬೇರೆ ಬೇರೆ ವೈಂಡಿಂಗ್ ಇರುವ ನಿಜವಾದ 500 ವಿಎ ಟ್ರಾನ್ಸ್‌ಫಾರ್ಮರ್ ನಾಲ್ಕು ಕೆಜಿಗೆ ಕಡಿಮೆ ಇರುವುದು ಕಷ್ಟ. ಒಳಗೆ ಕಬ್ಬಿಣದ ಪಟ್ಟಿಗಳನ್ನು ಚೌಕಾಕಾರಕ್ಕೆ ಜೋಡಿಸಿದ ಬಗೆಯಾದರೆ ಇನ್ನೂ ಭಾರ. ಒಂದೂವರೆ ಕೆಜಿ ಡಬ್ಬದ ಮೇಲೆ 500 ಎಂದಿದ್ದರೆ, ಒಂದೋ ಅದು ಸುಳ್ಳು, ಇಲ್ಲವೇ ಅದು ಆಟೊ ಟ್ರಾನ್ಸ್‌ಫಾರ್ಮರ್.

ಆಟೊ ಅಂದರೆ ಒಂದೇ ವೈಂಡಿಂಗ್, ಅದರ ನಡುವಿನಿಂದ 100 ವೋಲ್ಟ್ ತೆಗೆದಿರುತ್ತಾರೆ. ಅಗ್ಗ, ಸಣ್ಣದು, ಕೆಲಸವೂ ಮಾಡುತ್ತದೆ. ಆದರೆ ಗೋಡೆಯ ಕರೆಂಟಿಗೂ ಆಂಪಿಗೂ ನೇರ ಸಂಬಂಧ ಉಳಿದೇ ಇರುತ್ತದೆ. ಎರಡು ಕಡೆಗೂ ಸೇರಿದ ಆ ಭಾಗದ ತಂತಿ ಒಳಗೆ ಎಲ್ಲಾದರೂ ಕಡಿದರೆ 230 ಸೀದಾ ಆಂಪಿಗೆ ನುಗ್ಗುತ್ತದೆ. ನಾನು ನನ್ನ ಮನೆಯವರು ಮುಟ್ಟುವ ಸೆಟ್ಟಿಗೆ ಅದನ್ನು ಹಾಕುವುದಿಲ್ಲ. ನಿಮ್ಮ ಹತ್ತಿರ ಇರುವುದು ಯಾವ ಬಗೆ ಎಂದು ತಿಳಿಯಲು ಎರಡು ನಿಮಿಷ ಸಾಕು. ಟ್ರಾನ್ಸ್‌ಫಾರ್ಮರನ್ನು ಗೋಡೆಯಿಂದ ಪೂರ್ತಿ ತೆಗೆಯಿರಿ. ಅದಕ್ಕೆ ಸ್ವಿಚ್ ಇದ್ದರೆ ಆನ್ ಮಾಡಿಡಿ. ಮಲ್ಟಿಮೀಟರನ್ನು ಬೀಪ್ ಮಾಡುವ ಜಾಗಕ್ಕೆ ತಿರುಗಿಸಿ. ಒಂದು ಕಡ್ಡಿಯನ್ನು ಪ್ಲಗ್ಗಿನ ಸಣ್ಣ ಪಿನ್ನಿಗೆ, ಇನ್ನೊಂದನ್ನು ಹೊರಹೋಗುವ ಸಾಕೆಟ್ಟಿನ ತೂತಿಗೆ ಇಡಿ. ಅರ್ಥ್ ಪಿನ್ ಬಿಟ್ಟು ಉಳಿದವನ್ನೆಲ್ಲ ಅದಲು ಬದಲು ಮಾಡಿ ನೋಡಿ. ಬೀಪ್ ಬಂದರೆ ಅಥವಾ ಕೆಲವೇ ಓಮ್ ತೋರಿಸಿದರೆ ಆಟೊ. ಏನೂ ತೋರಿಸದಿದ್ದರೆ ಎರಡೂ ಬೇರೆ ಬೇರೆ, ಅಂದರೆ ಒಳ್ಳೆಯದು.

ಮೊದಲ ಸಲ ಆನ್ ಮಾಡುವುದು

ಇದಕ್ಕೆ ನನ್ನ ನಂಬಿಕೆಯ ಗೆಳೆಯ ಸೀರೀಸ್ ಬೋರ್ಡ್. ರೇಡಿಯೊ ರಿಪೇರಿ ಕಲಿತವರಿಗೆಲ್ಲ ಗೊತ್ತು. ಒಂದು ಮರದ ಹಲಗೆ, ಅದರ ಮೇಲೆ ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್. ಫೇಸ್ ತಂತಿ ನೇರವಾಗಿ ಸಾಕೆಟ್ಟಿಗೆ ಹೋಗುವುದಿಲ್ಲ, ಬಲ್ಬಿನ ಮೂಲಕ ಹೋಗುತ್ತದೆ. ಬಲ್ಬ್ 100 ವ್ಯಾಟಿನ ಹಳೆಯ ತಂತಿ ಬಲ್ಬೇ ಆಗಬೇಕು. ಎಲ್‌ಇಡಿ ಕೆಲಸಕ್ಕೆ ಬರುವುದಿಲ್ಲ. ಕೈಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ, ಅರ್ಧ ಗಂಟೆ ಕೆಲಸ.

ಅವತ್ತು ಅಣ್ಣನ ಮನೆಯಲ್ಲಿ ಊಟದ ಟೇಬಲ್ ಮೇಲೆ ಎಲ್ಲ ಇಟ್ಟೆವು. ಮೊದಲು ಬರೀ ಟ್ರಾನ್ಸ್‌ಫಾರ್ಮರ್ ಹಾಕಿದೆ. ಬಲ್ಬ್ ಒಮ್ಮೆ ಮಿಂಚಿ ಆರಿತು. ಆಮೇಲೆ ಬೋರ್ಡ್ ತೆಗೆದು, ಟ್ರಾನ್ಸ್‌ಫಾರ್ಮರನ್ನು ನೇರ ಗೋಡೆಗೆ ಹಾಕಿ ಮೀಟರ್ ಹಿಡಿದೆ. 102 ಬಂತು. ಲೋಡ್ ಇಲ್ಲದಾಗ ಎರಡು ಮೂರು ವೋಲ್ಟ್ ಜಾಸ್ತಿ ಬರುವುದು ಸಹಜ. ಮತ್ತೆ ಬೋರ್ಡ್ ನಡುವೆ ಇಟ್ಟು ಆಂಪ್ ಜೋಡಿಸಿದೆ. ಸ್ಪೀಕರ್ ವೈರ್ ಯಾವುದೂ ಇಲ್ಲ, ವಾಲ್ಯೂಮ್ ಸೊನ್ನೆ. ಹುಡುಗನಿಗೆ ಹೇಳಿದೆ, "ಆಂಪ್ ನೋಡಬೇಡ, ಬಲ್ಬ್ ನೋಡು."

ಸ್ವಿಚ್ ಒತ್ತಿದೆ. ಬಲ್ಬ್ ಪೂರ್ತಿ ಬೆಳಗಿತು. ಅಣ್ಣ ಉಸಿರು ಬಿಗಿಹಿಡಿದ. ಎರಡು ಸೆಕೆಂಡಿನಲ್ಲಿ ಬೆಳಕು ಇಳಿಯುತ್ತಾ ಇಳಿಯುತ್ತಾ, ಒಳಗಿನ ತಂತಿ ಮಾತ್ರ ಕೆಂಪಗೆ ಕಾಣುವಷ್ಟಕ್ಕೆ ಬಂದು ನಿಂತಿತು. ಆಂಪಿನ ಒಳಗಿನ ದೊಡ್ಡ ಕೆಪಾಸಿಟರ್‌ಗಳು ತುಂಬಿಕೊಂಡವು, ಶಾರ್ಟ್ ಇಲ್ಲ ಎಂದು ಅದರ ಅರ್ಥ. ಬಲ್ಬ್ ಇಳಿಯದೆ ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ ಮೆಕ್ಯಾನಿಕ್ ಹತ್ತಿರ ಹೋಗಬೇಕು. ಅಂಥ ಸೆಟ್ಟನ್ನು ನೇರ ಹಾಕಿದ್ದರೆ ಆ ಕರೆಂಟೆಲ್ಲ ಒಳಗಿನ ಟ್ರಾನ್ಸಿಸ್ಟರ್ ಸುಡುತ್ತಿತ್ತು. ಈಗ ಬಲ್ಬ್ ತಾನು ಉರಿದು ಅವನ್ನು ಉಳಿಸಿತು.

ಬಹಳ ದಿನ ಸುಮ್ನೆ ಬಿದ್ದಿದ್ದ ಸೆಟ್ ಆದ್ದರಿಂದ ಅರ್ಧ ಗಂಟೆ ಬಲ್ಬಿನ ಮೇಲೇ ಬಿಟ್ಟೆವು. ಆಮೇಲೆ ಬೋರ್ಡ್ ತೆಗೆದು ಪೂರ್ತಿ ವೋಲ್ಟೇಜ್ ಕೊಟ್ಟೆ. ನಾಲ್ಕು ಸೆಕೆಂಡಿಗೆ ಸ್ಪೀಕರಿಗೆ ಸಂಪರ್ಕ ಕೊಡುವ ರಿಲೇ ‘ಟಕ್’ ಎಂದಿತು. ಸ್ಪೀಕರ್ ಟರ್ಮಿನಲ್ ಮೇಲೆ ಮೀಟರನ್ನು ಡಿಸಿಗೆ ಇಟ್ಟು ನೋಡಿದೆ, ಎಡಕ್ಕೆ 14 ಮಿಲಿವೋಲ್ಟ್, ಬಲಕ್ಕೆ 9. ಐವತ್ತರ ಒಳಗಿದ್ದರೆ ನೆಮ್ಮದಿ. ನೂರು ದಾಟಿದರೆ ಸ್ಪೀಕರ್ ಜೋಡಿಸುವ ಮೊದಲು ಆಂಪ್ ತೋರಿಸಿ. ಮೊದಲ ಸಲಕ್ಕೆ ಒಳ್ಳೆಯ ಸ್ಪೀಕರ್ ಹಾಕಬೇಡಿ. ನಾನು ಅಂಗಡಿಯ ಹಳೆಯ ಜೋಡಿಯನ್ನೇ ತೆಗೆದುಕೊಂಡು ಹೋಗಿದ್ದೆ.

ಒಂದು ಎಚ್ಚರಿಕೆ. ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಕೂತಿರುತ್ತದೆ. ವಾಲ್ವ್ ಆಂಪ್‌ನಲ್ಲಿ ಅದು 400 ವೋಲ್ಟ್ ತನಕ ಇರಬಹುದು, ಪ್ರಾಣಕ್ಕೇ ಕುತ್ತು.

ಅರ್ಥಿಂಗ್, ಬೋರ್ಡ್, ಇನ್ವರ್ಟರ್

ಜಪಾನಿನ ಪ್ಲಗ್ಗಿಗೆ ಮೂರನೇ ಪಿನ್ ಇಲ್ಲ. ಬೆನ್ನ ಮೇಲೆ ಒಂದರೊಳಗೊಂದು ಎರಡು ಚೌಕದ ಗುರುತು ಇದ್ದರೆ ಅದಕ್ಕೆ ಅರ್ಥ್ ಬೇಕಿಲ್ಲ, ಒಳಗೆ ಎರಡು ಪದರ ರಕ್ಷಣೆ ಇದೆ. ಆ ಗುರುತಿಲ್ಲದ ಹಳೆಯ ಲೋಹದ ಪೆಟ್ಟಿಗೆಯಾದರೆ, ಮುಟ್ಟಿದಾಗ ಬೆರಳಿಗೆ ‘ಜುಮ್’ ಅನ್ನಿಸಿದರೆ, ಮೆಕ್ಯಾನಿಕ್ ಹತ್ತಿರ ಮೂರು ತಂತಿಯ ವೈರ್ ಹಾಕಿಸಿ ಪೆಟ್ಟಿಗೆಗೆ ಅರ್ಥ್ ಕೊಡಿಸಿ. ಟ್ರಾನ್ಸ್‌ಫಾರ್ಮರಿನ ಲೋಹದ ಡಬ್ಬಕ್ಕೂ ಅರ್ಥ್ ಬೇಕೇ ಬೇಕು. ಹಮ್ಮಿಂಗ್ ಬರುತ್ತದೆ ಅಂತ ಅರ್ಥ್ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಮ್ಮಿಂಗಿಗೆ ಬೇರೆ ದಾರಿಗಳಿವೆ. ಟ್ರಾನ್ಸ್‌ಫಾರ್ಮರನ್ನು ಟರ್ನ್‌ಟೇಬಲ್ಲಿನಿಂದ ಒಂದು ಮೀಟರ್ ದೂರ ಇಟ್ಟರೇ ಎಷ್ಟೋ ಸಲ ನಿಲ್ಲುತ್ತದೆ.

ಅಣ್ಣ ಜಪಾನಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನೂ ತಂದಿದ್ದ. ಅದನ್ನು ಟ್ರಾನ್ಸ್‌ಫಾರ್ಮರ್ ಆದಮೇಲೆ ಹಾಕಿದೆವು, ಅದಕ್ಕೆ ಮೊದಲು ಹಾಕುವಂತಿಲ್ಲ. ಅಲ್ಲಿನ, ಅಮೆರಿಕದ ಬೋರ್ಡುಗಳ ಒಳಗೆ ಸರ್ಜ್ (ಒಮ್ಮೆಲೇ ಏರುವ ವೋಲ್ಟೇಜ್) ತಡೆಯುವ ಬಿಲ್ಲೆಗಳಿದ್ದರೆ ಅವು 100–120ಕ್ಕೆ ಮಾಡಿದವು. 230ಕ್ಕೆ ಸಿಕ್ಕರೆ ಬೆಂಕಿ ಹತ್ತಬಹುದು, ಉಪಮೆಗೆ ಹೇಳುತ್ತಿಲ್ಲ. ಎಲ್ಲ 100 ವೋಲ್ಟಿನ ಪ್ಲಗ್‌ಗಳಿಗೂ ಕೆಂಪು ಟೇಪ್ ಸುತ್ತಿ, ಆ ಬೋರ್ಡಿಗೇ ಕೇಬಲ್ ಟೈ ಹಾಕಿ ಬಿಗಿದೆವು. ಈಗ ಯಾರಾದರೂ ತೆಗೆದು ಗೋಡೆಗೆ ಹಾಕಬೇಕಾದರೆ ಕತ್ತರಿ ಹುಡುಕಬೇಕು. ಅಷ್ಟರಲ್ಲಿ ಯಾಕೆ ಕಟ್ಟಿದ್ದಾರೆ ಅಂತ ಯೋಚನೆ ಬಂದೇ ಬರುತ್ತದೆ. ಕೆಂಪು ಟೇಪ್ ಸುತ್ತಿದ್ದು ಹುಡುಗನೇ.

ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಆಂಪ್ ಆರಿಸಿ. ಹಳೆಯ ಇನ್ವರ್ಟರ್‌ಗಳು ಕೊಡುವ ಚೌಕದ ಅಲೆಗೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಾ ಕಾಯುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆಯಿಲ್ಲ. ಕಂಬದ ಮೇಲೆ ನ್ಯೂಟ್ರಲ್ ಕಡಿದಾಗ ಮನೆಗೆ 400ರ ತನಕ ಬರುವುದುಂಟು. ಅದಕ್ಕೆ ವೋಲ್ಟೇಜ್ ಜಾಸ್ತಿಯಾದರೆ ಕಟ್ ಮಾಡುವ ಪ್ರೊಟೆಕ್ಟರ್ ಒಂದನ್ನು ಮೀಟರ್ ಬೋರ್ಡ್ ಹತ್ತಿರ ಹಾಕಿಸಿ. ಆಂಪಿಗೆ ಮಾತ್ರ ಅಲ್ಲ, ಇಡೀ ಮನೆಗೆ ಒಳ್ಳೆಯದು.

ಅಮೆರಿಕದಿಂದ ತಂದದ್ದಾದರೆ

ಅಲ್ಲಿ 60 ಹರ್ಟ್ಜ್, ನಮ್ಮಲ್ಲಿ 50. ಸ್ಟೆಪ್ ಡೌನ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಪ್ಲೇಟಿನ ಮೇಲೆ 50/60 ಇದ್ದರೆ ಚಿಂತೆಯಿಲ್ಲ. ಬರೀ 60 ಎಂದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣಕ್ಕೆ 50ರಲ್ಲಿ ಶೇಕಡಾ 20ರಷ್ಟು ಹೊರೆ ಜಾಸ್ತಿ ಬೀಳುತ್ತದೆ. ಗುಂಯ್ ಸದ್ದು, ಬಿಸಿ. ಇಂಥದ್ದಕ್ಕೆ ನಾನು 120 ಕೊಡದೆ 105–110ರಲ್ಲೇ ನಡೆಸುತ್ತೇನೆ. ವೋಲ್ಟೇಜ್ ಇಳಿದಷ್ಟೂ ಕಬ್ಬಿಣದ ಹೊರೆ ಇಳಿಯುತ್ತದೆ. ಶಬ್ದದ ಜೋರು ಕೂದಲೆಳೆಯಷ್ಟು ಕಡಿಮೆಯಾಗಬಹುದು, ಕಿವಿಗೆ ಗೊತ್ತಾಗುವುದಿಲ್ಲ. ನಮ್ಮ ಅಂಗಡಿಗಳ ಮಾಮೂಲಿ 110ರ ಟ್ರಾನ್ಸ್‌ಫಾರ್ಮರ್ ಇದಕ್ಕೆ ಹೇಳಿ ಮಾಡಿಸಿದ ಹಾಗೆ.

ಸಂಗೀತ ಕಲಿಯುವವರ ಮನೆಗಳಿಗೊಂದು ಮಾತು. ಕೆಲವು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಗಳ ಬೆನ್ನಲ್ಲಿ 110/220 ಸ್ವಿಚ್ ಇರುತ್ತದೆ. ಮಗಳ ಮನೆಗೆ ಅಮೆರಿಕಕ್ಕೆ ಹೋದವರು ಅಲ್ಲಿ 110ಕ್ಕೆ ತಳ್ಳುತ್ತಾರೆ. ಆರು ತಿಂಗಳಾದ ಮೇಲೆ ಊರಿಗೆ ಬಂದು, ಮರೆತು, ದೇವರ ಮನೆಯ ಪಕ್ಕದ ಸಾಕೆಟ್ಟಿಗೆ ಹಾಕುತ್ತಾರೆ. ಸುಟ್ಟು ನನ್ನ ಅಂಗಡಿಗೆ ಬಂದ ಶ್ರುತಿ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಕಥೆ ಇದೇ. ವಿಮಾನ ಇಳಿದ ದಿನವೇ ಆ ಸ್ವಿಚ್ ನೋಡಿ.

ಟ್ಯೂನರ್ ವಿಷಯದಲ್ಲಿ ಅಣ್ಣನಿಗೆ ಬೇಸರವೇ ಆಯಿತು. ಕರೆಂಟ್ ಸರಿಯಾಯಿತು, ದೀಪ ಹತ್ತಿತು, ಸ್ಟೇಷನ್ ಒಂದೂ ಬರಲಿಲ್ಲ. ಜಪಾನಿನ ಎಫ್‌ಎಂ ಹಳೆಯ ಸೆಟ್‌ಗಳಲ್ಲಿ 76ರಿಂದ 90 ಮೆಗಾಹರ್ಟ್ಜ್, ನಮ್ಮದು 88ರಿಂದ 108. ಬೆಂಗಳೂರಿನ ರೇನ್‌ಬೋ 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ. ಮುಳ್ಳು ಅಲ್ಲಿಗೆ ತಲುಪುವುದೇ ಇಲ್ಲ. ಜಪಾನಿನಿಂದ ಟ್ಯೂನರ್ ಹೊತ್ತು ತರಬೇಡಿ. ಅಮೆರಿಕದ್ದು ಎಫ್‌ಎಂಗೆ ನಡೆಯುತ್ತದೆ. ಆದರೆ ಡಿಜಿಟಲ್ ಆಗಿದ್ದರೆ ಎಎಂನಲ್ಲಿ ಹತ್ತು ಹತ್ತು ಕಿಲೋಹರ್ಟ್ಜ್ ಜಿಗಿಯುತ್ತದೆ. ಬೆಂಗಳೂರು ಆಕಾಶವಾಣಿ 612ರಲ್ಲಿದೆ, ಅದು 610ರಲ್ಲೋ 620ರಲ್ಲೋ ನಿಲ್ಲುತ್ತದೆ.

ಟರ್ನ್‌ಟೇಬಲ್

ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಟ್ರಾನ್ಸ್‌ಫಾರ್ಮರಿನಿಂದ ಸರಿಯಾಗಿ 100 ವೋಲ್ಟ್ ಬಂತು, ಮೋಟರ್ ತಿರುಗಿತು, ಬೆಲ್ಟ್ ಎಳೆಯಿತು. ದೊಡ್ಡಮ್ಮ ತಮ್ಮ ಹಳೆಯ ಎಲ್‌ಪಿ ಒಂದನ್ನು ಸೀರೆಯ ಸೆರಗಿನಿಂದ ಒರೆಸಿ ಕೊಟ್ಟರು, ಕರ್ನಾಟಕ ಸಂಗೀತದ ಗಾಯಕಿಯೊಬ್ಬರದ್ದು. ಮುಳ್ಳು ಇಳಿಯಿತು. ತಂಬೂರಿ ಶುರುವಾದ ಕೂಡಲೇ ದೊಡ್ಡಮ್ಮ ತಲೆ ಎತ್ತಿದರು.

"ಏನೋ ಇದು? ಇವರು ಐದರಲ್ಲಿ ಹಾಡೋರು ಕಣೋ. ಇಲ್ಲಿ ಮೂರಕ್ಕೆ ಇಳಿದಿದ್ದಾರೆ. ಹುಷಾರಿಲ್ಲದೇ ಹಾಡಿದ ಹಾಗಿದೆ."

ಹಾರ್ಮೋನಿಯಂ ತಂದು ಒತ್ತಿ ನೋಡಿದರು. ಐದನೇ ಮನೆ ಶ್ರುತಿ ಹೆಚ್ಚುಕಮ್ಮಿ ಮೂರನೇ ಮನೆಗೆ ಬಂದು ಕೂತಿತ್ತು.

ನನಗೆ ಆಗ ಹೊಳೆಯಿತು. ಜಪಾನಿನಲ್ಲಿ ಎರಡು ಬಗೆ ಕರೆಂಟ್ ಇದೆ. 1895ರಲ್ಲಿ ಟೋಕಿಯೊದವರು ಜರ್ಮನಿಯ ಎಇಜಿ ಕಂಪನಿಯ ಯಂತ್ರ ತರಿಸಿದರು, ಅದು 50 ಹರ್ಟ್ಜ್. ಮರುವರ್ಷ ಒಸಾಕಾದವರು ಅಮೆರಿಕದ ಜಿಇ ಯಂತ್ರ ತರಿಸಿದರು, ಅದು 60. ಇವತ್ತಿಗೂ ದೇಶ ಹಾಗೇ ಎರಡು ಭಾಗ. ಅಣ್ಣ ಇದ್ದದ್ದು ಒಸಾಕಾ. ಇಂಥ ಟರ್ನ್‌ಟೇಬಲ್ಲಿನ ಸಿಂಕ್ರೊನಸ್ ಮೋಟರ್ ವೋಲ್ಟೇಜ್ ನೋಡಿ ಓಡುವುದಿಲ್ಲ, ಹರ್ಟ್ಜ್ ನೋಡಿ ಓಡುತ್ತದೆ. ಅದಕ್ಕೆ ಹಾಕಿದ್ದ ಪುಲ್ಲಿ 60ರ ಲೆಕ್ಕದ್ದು. ನಮ್ಮ 50ರಲ್ಲಿ ಆರರಲ್ಲಿ ಐದು ಪಾಲು ವೇಗ ಮಾತ್ರ. ನಿಮಿಷಕ್ಕೆ 33⅓ ಸುತ್ತಬೇಕಾದ್ದು 27.8 ಸುತ್ತು. ಶ್ರುತಿ ಮೂರು ಅರ್ಧಸ್ವರಕ್ಕಿಂತ ತುಸು ಹೆಚ್ಚೇ ಕೆಳಗೆ. ದೊಡ್ಡಮ್ಮನ ಕಿವಿ ಹೇಳಿದ್ದೂ ಅದನ್ನೇ.

ನಿಮ್ಮದನ್ನು ಪರೀಕ್ಷಿಸಲು ಯಂತ್ರ ಬೇಡ. ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಅಂಚಿಗೆ ಸಣ್ಣ ಕಾಗದದ ಚೂರು ಅಂಟಿಸಿ, ಹಳೆಯ ರೆಕಾರ್ಡ್ ಒಂದನ್ನು ಹಾಕಿ ಮುಳ್ಳು ಇಳಿಸಿ, ಗಡಿಯಾರ ಹಿಡಿದು ಮೂರು ನಿಮಿಷ ಎಣಿಸಿ. ಸರಿಯಾಗಿ ನೂರು ಸುತ್ತು ಬರಬೇಕು. ಅಣ್ಣನದು 83 ಬಂತು. ಕ್ವಾರ್ಟ್ಜ್ ಲಾಕ್ ಇರುವ ಡೈರೆಕ್ಟ್ ಡ್ರೈವ್ ಆದರೆ ಈ ತೊಂದರೆಯೇ ಇಲ್ಲ. ಅದು ತನ್ನ ವೇಗವನ್ನು ತಾನೇ ನೋಡಿಕೊಳ್ಳುತ್ತದೆ, ವೋಲ್ಟೇಜ್ ಸರಿ ಇದ್ದರೆ ಸಾಕು.

ಬೆಲ್ಟಿನದಕ್ಕೆ ಪುಲ್ಲಿ ಬದಲಿಸಬೇಕು. ಆ ಮಾಡೆಲ್ಲಿಗೆ 50 ಹರ್ಟ್ಜ್ ಪುಲ್ಲಿ ಸಿಕ್ಕರೆ ಅದೇ ಒಳ್ಳೆಯದು. ನಮಗೆ ಸಿಗಲಿಲ್ಲ. ಲೇತ್ ಇಟ್ಟುಕೊಂಡಿರುವ ಪರಿಚಯದವರೊಬ್ಬರ ಹತ್ತಿರ ಹಿತ್ತಾಳೆಯಲ್ಲಿ ಕಡೆಸಿದೆವು. ಬರೀ ಪುಲ್ಲಿಯ ಅಳತೆಯನ್ನು 1.2ರಿಂದ ಗುಣಿಸಿದರೆ ತಪ್ಪಾಗುತ್ತದೆ. ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಸೇರುತ್ತದೆ. ಪುಲ್ಲಿ 10 ಮಿಲಿಮೀಟರ್, ಬೆಲ್ಟ್ 0.6 ಇತ್ತು. ಎರಡೂ ಸೇರಿ 10.6, ಅದರ 1.2 ಪಟ್ಟು 12.72, ಅದರಿಂದ ಬೆಲ್ಟಿನ 0.6 ಕಳೆದರೆ 12.12. ಪುಲ್ಲಿಯಲ್ಲಿ 45 ಸುತ್ತಿನ ವೇಗಕ್ಕಿರುವ ಮೆಟ್ಟಿಲಿಗೂ ಇದೇ ಲೆಕ್ಕ. ಮೊದಲು 12.2ಕ್ಕೆ ಕಡೆಯಲು ಹೇಳಿದೆ. ದಪ್ಪ ಇದ್ದರೆ ಸವರಬಹುದು, ಸಣ್ಣದಾದರೆ ಮತ್ತೆ ಹೊಸದೇ ಬೇಕು. ಹಾಕಿ ಎಣಿಸಿದಾಗ ಮೂರು ನಿಮಿಷಕ್ಕೆ ನೂರು ದಾಟಿ ಅರ್ಧ ಸುತ್ತಿನ ಮೇಲೆ ಹೋಯಿತು. ಇನ್ನೊಂದು ಸಲ ತೆಳುವಾಗಿ ಸವರಿಸಿದೆವು. ಆಗ ನೂರಕ್ಕೆ ನಿಂತಿತು. ಎಣಿಸಿದ್ದು ಹುಡುಗ, ಗಟ್ಟಿಯಾಗಿ. ದೊಡ್ಡಮ್ಮ ಹಾರ್ಮೋನಿಯಂ ಐದನೇ ಮನೆ ಒತ್ತಿ ಹಿಡಿದು, ತಂಬೂರಿಯ ಜೊತೆ ಕೂತಿದೆಯೇ ಅಂತ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಯಾರನ್ನೂ ಮಾತಾಡಲು ಬಿಡಲಿಲ್ಲ, ಆ ಬದಿ ಪೂರ್ತಿ ಮುಗಿಯುವ ತನಕ.

ಹಳೆಯ ಪುಲ್ಲಿಯನ್ನು ಎಸೆಯಬೇಡಿ. ಅಣ್ಣನದನ್ನು ಒಂದು ಸಣ್ಣ ಕವರಿಗೆ ಹಾಕಿ, ‘60 ಹರ್ಟ್ಜ್, ಒಸಾಕಾ’ ಎಂದು ಬರೆದು, ಟರ್ನ್‌ಟೇಬಲ್ಲಿನ ತಳಕ್ಕೆ ಅಂಟಿಸಿದ್ದೇವೆ.